ಇಯರ್ ಸಿಕ್ಸ್‌ಗೆ ಬರ್ತಿರೋ ಹಾಸನದ ಮಗಳಿಗೆ

ಅಕ್ಕ ಅಂತ ಕರೆದು ಕೇಳಿದ್ದೀರಿ, ಸುತ್ತಿ ಬಳಸದೆ ಹೇಳ್ತೀನಿ. ನಿಮ್ಮ ಪ್ರಶ್ನೆ ಇಷ್ಟು: ಹಾಸನದಲ್ಲಿ ಮಗಳ ಐದನೇ ಕ್ಲಾಸು ಮುಗೀತು, 2026ರ ಆಗಸ್ಟ್‌ನಲ್ಲಿ ಇಂಗ್ಲೆಂಡ್‌ನ ಮಿಲ್ಟನ್ ಕೀನ್ಸ್‌ಗೆ ಬರ್ತೀರಿ, ಅವಳು ಇಲ್ಲಿನ ಪ್ರೈಮರಿಯ ಕೊನೇ ವರ್ಷಕ್ಕೆ ಸೇರ್ತಾಳೆ. ವರ್ಷದ ಕೊನೆಯ ಪರೀಕ್ಷೆಗೆ ಈಗಲೇ ಟ್ಯೂಷನ್ ಹಾಕಿಸಬೇಕಾ, ಟಿ.ಸಿ.ಗೆ ಬಿ.ಇ.ಒ. ಸಹಿ ಬೇಕಾ, ಊಟದ ಡಬ್ಬಿಗೆ ಏನು ಕಳಿಸೋದು.

ಟ್ಯೂಷನ್ ಬೇಡ. ಟಿ.ಸಿ.ಯನ್ನು ಇಲ್ಲಿ ಯಾರೂ ಕೇಳಲ್ಲ. ಡಬ್ಬಿ ವಿಷಯ ಆಮೇಲೆ ಹೇಳ್ತೀನಿ. ನೀವು ಕೇಳದೇ ಬಿಟ್ಟ ಒಂದು ವಿಷಯ ಇದೆ, ಈ ವರ್ಷ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ: ಅಕ್ಟೋಬರ್ 31. ಏಳನೇ ವರ್ಷಕ್ಕೆ, ಅಂದರೆ ಸೆಕೆಂಡರಿ ಶಾಲೆಗೆ, ಅರ್ಜಿ ಹಾಕೋ ಕೊನೇ ದಿನ. ನಮ್ಮ ಕಡೆಯವರು ಪರೀಕ್ಷೆ ಅಂದ ತಕ್ಷಣ ಪುಸ್ತಕ ತೆಗೆದು ಕೂರ್ತೀವಿ, ಅರ್ಜಿ ಅಂದರೆ ಏಪ್ರಿಲ್‌ನಲ್ಲಿ ನೋಡಿದರಾಯ್ತು ಅಂತೀವಿ. ಇಲ್ಲಿ ಲೆಕ್ಕ ತಿರುಗುಮುರುಗು.

ಮೊದಲು ಕ್ಲಾಸಿನ ವಿಚಾರ. ಇಲ್ಲಿ ಮಗು ಊರಲ್ಲಿ ಯಾವ ಕ್ಲಾಸು ಮುಗಿಸಿತ್ತು ಅಂತ ನೋಡಲ್ಲ, ಆಗಸ್ಟ್ 31ಕ್ಕೆ ಎಷ್ಟು ವರ್ಷ ತುಂಬಿದೆ ಅಂತ ನೋಡ್ತಾರೆ. ನಿಮ್ಮ ಮಗಳು 2015ರ ಅಕ್ಟೋಬರ್‌ನವಳು, ಹತ್ತು ತುಂಬಿದೆ, ಹಾಗಾಗಿ ಇಯರ್ ಸಿಕ್ಸ್. ಅವಳ ಜೊತೆ ಅದೇ ಬೆಂಚಲ್ಲಿ ಕೂತ, ಜುಲೈ 2015ರಲ್ಲಿ ಹುಟ್ಟಿದ ಗೆಳತಿ ಬಂದಿದ್ದರೆ ನೇರ ಇಯರ್ ಸೆವೆನ್‌ಗೆ ಹೋಗಬೇಕಿತ್ತು. 'ಊರಲ್ಲಿ ಆರನೇ ಕ್ಲಾಸು, ಇಲ್ಲೂ ಸಿಕ್ಸ್' ಅಂತ ನೀವು ಅಂದುಕೊಂಡಿರೋದು ಸರಿಯಾಗಿದೆ, ಆದರೆ ಕಾಕತಾಳೀಯವಾಗಿ.

ಸೀಟಿಗೆ ಬೇಕಾಗೋದು ಮಗಳ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಮನೆಯ ವಿಳಾಸಕ್ಕೆ ಪುರಾವೆ. ಬಾಡಿಗೆ ಕರಾರು ಅಥವಾ ಕೌನ್ಸಿಲ್ ಟ್ಯಾಕ್ಸ್ (ಊರಿನ ಸ್ಥಳೀಯ ಆಡಳಿತಕ್ಕೆ ಕಟ್ಟೋ ತೆರಿಗೆ) ಬಿಲ್ ಆದರೆ ಒಳ್ಳೇದು. ಲಸಿಕೆ ವಿವರ ಇರೋ ತಾಯಿ ಕಾರ್ಡನ್ನೂ ತನ್ನಿ, ಅದು ಡಾಕ್ಟರ ಹತ್ತಿರ ಹೆಸರು ನೋಂದಾಯಿಸುವಾಗ ಬೇಕಾಗುತ್ತೆ. ಸರ್ಕಾರಿ ಶಾಲೆಗೆ ಫೀಸಿಲ್ಲ, ಡಿಪೆಂಡೆಂಟ್ ವೀಸಾದಲ್ಲಿರೋ ಮಕ್ಕಳಿಗೂ ಇಲ್ಲ. ವರ್ಷದ ನಡುವೆ ಹಾಕೋ ಅರ್ಜಿಗೆ 10 ಶಾಲಾ ದಿನದಲ್ಲಿ ಉತ್ತರ ಕೊಡಲು ಪ್ರಯತ್ನಿಸಬೇಕು, ಹೆಚ್ಚೆಂದರೆ 15 ದಿನ ಅನ್ನೋ ನಿಯಮ ಇದೆ. 'ಶಾಲಾ ದಿನ' ಅನ್ನೋದನ್ನ ಗಮನಿಸಿ. ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ ಶಾಲೆಗೆ ಬೀಗ, ಆಫೀಸಲ್ಲಿ ಫೋನ್ ಎತ್ತೋರಿಲ್ಲ. ಆಗಸ್ಟ್‌ನಲ್ಲಿ ಅರ್ಜಿ ಕೊಟ್ಟರೂ ಮಗಳು ಕ್ಲಾಸಲ್ಲಿ ಕೂರೋ ಹೊತ್ತಿಗೆ ಸೆಪ್ಟೆಂಬರ್ ಅರ್ಧ ಕಳೆದಿರಬಹುದು, ಗಾಬರಿಯಾಗಬೇಡಿ. ಒಂದು ತರಗತಿಗೆ 30 ಮಕ್ಕಳ ಕಾನೂನು ಮಿತಿ ಇರೋದು ಸಣ್ಣ ಮಕ್ಕಳಿಗೆ, ಇಯರ್ ಟೂವರೆಗೆ ಮಾತ್ರ. ಹಾಗಾಗಿ ಹತ್ತಿರದ ಶಾಲೆ 'ಫುಲ್' ಅಂದರೂ ವೇಟಿಂಗ್ ಲಿಸ್ಟಿಗೆ ಹೆಸರು ಹಾಕಿಸಿ. ಈ ವಯಸ್ಸಿನಲ್ಲಿ ಊರು ಬಿಟ್ಟು ಹೋಗೋ ಕುಟುಂಬಗಳಿಂದ ಸೀಟು ಖಾಲಿಯಾಗ್ತಾನೇ ಇರುತ್ತೆ.

ಈಗ ಅಕ್ಟೋಬರ್ 31. ಈ ಅರ್ಜಿಯನ್ನು ಶಾಲೆಗಲ್ಲ, ನೀವು ವಾಸ ಮಾಡೋ ಊರಿನ ಕೌನ್ಸಿಲ್‌ಗೆ ಆನ್‌ಲೈನಲ್ಲಿ ಹಾಕಬೇಕು. ಕನಿಷ್ಠ ಮೂರು ಶಾಲೆ ಬರೆಯೋ ಅವಕಾಶ ಎಲ್ಲ ಕಡೆ ಇದೆ, ಲಂಡನ್‌ನಲ್ಲಿ ಆರು. ನೀವು ಯಾವುದನ್ನು ಮೊದಲು ಬರೆದಿರಿ ಅಂತ ಶಾಲೆಗಳಿಗೆ ಗೊತ್ತಾಗಲ್ಲ. ಪ್ರತಿ ಶಾಲೆ ತನ್ನ ನಿಯಮದ ಪ್ರಕಾರ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತೆ: ಅಣ್ಣ ಅಕ್ಕ ಅದೇ ಶಾಲೆಯಲ್ಲಿದ್ದಾರಾ, ಮನೆ ಅವರ ವ್ಯಾಪ್ತಿಯಲ್ಲಿದೆಯಾ, ಎಷ್ಟು ದೂರ. ಎರಡು ಮೂರು ಕಡೆ ಸೀಟು ಬರೋ ಹಾಗಿದ್ದರೆ ನಿಮ್ಮ ಪಟ್ಟಿಯಲ್ಲಿ ಮೇಲಿರೋದನ್ನ ಕೌನ್ಸಿಲ್ ಕೊಡುತ್ತೆ. ಆದ್ದರಿಂದ ನಿಜವಾಗಿ ಇಷ್ಟವಾದ ಕ್ರಮದಲ್ಲೇ ಬರೀರಿ. ಜನ ತಪ್ಪೋದು ಎರಡು ಕಡೆ. ಒಂದೇ ಶಾಲೆ ಬರೆದರೆ ಅದನ್ನೇ ಕೊಡ್ತಾರೆ ಅಂದುಕೊಂಡು ಉಳಿದ ಜಾಗ ಖಾಲಿ ಬಿಡ್ತಾರೆ. ಅಲ್ಲಿ ಸಿಗದೇ ಹೋದರೆ ಎಲ್ಲರ ಪಾಲು ಮುಗಿದ ಮೇಲೆ ಉಳಿದ ಶಾಲೆ ಕೈಗೆ ಬರುತ್ತೆ, ಅದು ಊರ ಇನ್ನೊಂದು ತುದಿಯಲ್ಲಿರಬಹುದು. ಅಥವಾ ಮನೆ ಹತ್ತಿರದ, ಖಂಡಿತ ಸಿಗೋ ಶಾಲೆಯನ್ನು ಪಟ್ಟಿಯಿಂದಲೇ ಬಿಟ್ಟುಬಿಡ್ತಾರೆ.

ನಿಮಗೆ ಇನ್ನೊಂದು ತೊಡಕಿದೆ. ಹೊಸದಾಗಿ ಬಂದವರು ಮೊದಲ ಎರಡು ತಿಂಗಳು ಪರಿಚಯದವರ ಮನೆಯಲ್ಲೋ ಕಂಪನಿ ಕೊಟ್ಟ ರೂಮಲ್ಲೋ ಇರ್ತಾರೆ. ದೂರ ಅಳೆಯೋದು ಅರ್ಜಿಯಲ್ಲಿರೋ ವಿಳಾಸದಿಂದ. ಮೂರು ತಿಂಗಳಾದ ಮೇಲೆ ಬಿಡೋ ಮನೆಯ ವಿಳಾಸ ಕೊಟ್ಟರೆ ಸೀಟು ಆ ಮನೆ ಹತ್ತಿರ ಬರುತ್ತೆ, ನೀವು ಎಲ್ಲೋ ಇರ್ತೀರಿ. ಹಾಗಾಗಿ ಅಕ್ಟೋಬರ್ ಮಧ್ಯದೊಳಗೆ ಬಾಡಿಗೆ ಕರಾರಿಗೆ ಸಹಿ ಆಗಿರಲಿ, ಮನೆ ಹುಡುಕುವಾಗಲೇ ಸೆಕೆಂಡರಿ ಶಾಲೆಯ ವ್ಯಾಪ್ತಿ ನೋಡಿಕೊಳ್ಳಿ. ಕಾಲು ಮೈಲಿ ಆಚೀಚೆಗೆ ಸೀಟು ತಪ್ಪೋದು ಇಲ್ಲಿ ದಿನನಿತ್ಯದ ಮಾತು. ಅಕ್ಟೋಬರ್ ಕೊನೇ ವಾರ ಸಾಮಾನ್ಯವಾಗಿ ಹಾಫ್ ಟರ್ಮ್ ರಜೆ, ಶಾಲೆಯಲ್ಲಿ ಕೇಳೋಣ ಅಂದರೆ ಯಾರೂ ಇರಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶಾಲೆಗಳು ಬಾಗಿಲು ತೆರೆದು ತೋರಿಸೋ ಸಂಜೆಗಳಿಗೆ ಮಗಳನ್ನೂ ಕರೆದುಕೊಂಡು ಹೋಗಿ. ಫಲಿತಾಂಶ ಮಾರ್ಚ್ 1ಕ್ಕೆ. ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿ ಇದೆ, ಬಂದ ಸೀಟನ್ನು ಮಾತ್ರ ಬೇಡ ಅನ್ನಬೇಡಿ. ಅದನ್ನು ಹಿಡಿದುಕೊಂಡೇ ಇನ್ನೊಂದರ ವೇಟಿಂಗ್ ಲಿಸ್ಟಲ್ಲಿ ಇರಬಹುದು.

ಗ್ರಾಮರ್ ಸ್ಕೂಲ್ ಬಗ್ಗೆ, ಅಂದರೆ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸೋ ಸರ್ಕಾರಿ ಸೆಕೆಂಡರಿ ಶಾಲೆಗಳ ಬಗ್ಗೆ, ಯಾರಾದರೂ ಕಿವಿಯಲ್ಲಿ ಊದೇ ಊದ್ತಾರೆ. ಇಂಗ್ಲೆಂಡ್‌ನಲ್ಲಿ ಅಂಥವು 163 ಇವೆ, ಬಕಿಂಗ್‌ಹ್ಯಾಮ್‌ಶೈರ್ ನಿಮಗೆ ಪಕ್ಕದಲ್ಲೇ. ಪ್ರವೇಶ ಪರೀಕ್ಷೆ ಸೆಪ್ಟೆಂಬರ್‌ನಲ್ಲಿ, ಹೆಸರು ನೋಂದಣಿ ಅದಕ್ಕೂ ಮೊದಲು, ಬೇಸಿಗೆಯಲ್ಲಿ. ಆಗಸ್ಟ್‌ನಲ್ಲಿ ಇಳಿದು ಅದರ ಹಿಂದೆ ಓಡೋದು, ರೈಲು ಅರಸೀಕೆರೆ ದಾಟಿದ ಮೇಲೆ ಹಾಸನ ಸ್ಟೇಷನ್ನಲ್ಲಿ ಟಿಕೆಟ್ ಕೇಳಿದ ಹಾಗೆ.

ಪರೀಕ್ಷೆಗೆ ಬರ್ತೀನಿ. ಹೆಸರು ಸ್ಯಾಟ್ಸ್. ನಮ್ಮೂರಲ್ಲಿ ಸ್ಯಾಟ್ಸ್ ಅಂದರೆ ಮಗುವಿನ ಶಾಲಾ ನಂಬರು, ಇಲ್ಲಿ ಮೇ ತಿಂಗಳ ಎರಡನೇ ವಾರ ನಾಲ್ಕು ದಿನ ನಡೆಯೋ ಪರೀಕ್ಷೆ. ಸೋಮವಾರ ವ್ಯಾಕರಣ 45 ನಿಮಿಷ, ಜೊತೆಗೆ 20 ಪದದ ಸ್ಪೆಲ್ಲಿಂಗ್. ಮಂಗಳವಾರ ಓದು, ಒಂದು ಗಂಟೆ, 50 ಅಂಕ. ಬುಧವಾರ ಬರೀ ಲೆಕ್ಕ ಮಾಡೋ ಪತ್ರಿಕೆ 30 ನಿಮಿಷ, 40 ಅಂಕ, ಆಮೇಲೆ ಯೋಚಿಸಿ ಮಾಡೋ ಪತ್ರಿಕೆ 40 ನಿಮಿಷ. ಗುರುವಾರ ಅಂಥದ್ದೇ ಇನ್ನೊಂದು. ಬರವಣಿಗೆ ಮತ್ತು ವಿಜ್ಞಾನಕ್ಕೆ ಪತ್ರಿಕೆ ಇಲ್ಲ, ವರ್ಷವಿಡೀ ನೋಡಿದ ಟೀಚರೇ ನಿರ್ಧರಿಸ್ತಾರೆ. ಜುಲೈನಲ್ಲಿ 80ರಿಂದ 120ರೊಳಗೆ ಒಂದು ಸಂಖ್ಯೆ ಕೊಡ್ತಾರೆ, 100 ಬಂದರೆ ಆ ವಯಸ್ಸಿಗೆ ತಕ್ಕಷ್ಟಿದೆ ಅಂತ ಅರ್ಥ. ಪಾಸು ಫೇಲು ಇಲ್ಲ, ರ‍್ಯಾಂಕಿಲ್ಲ. ಸೆಕೆಂಡರಿ ಸೀಟು ಮಾರ್ಚ್‌ನಲ್ಲೇ ಆಗಿಹೋಗಿರುತ್ತೆ, ಈ ಅಂಕ ಅದನ್ನ ಅಲ್ಲಾಡಿಸಲ್ಲ. ಶಾಲೆ ಹೇಗಿದೆ ಅಂತ ಸರ್ಕಾರ ಅಳೆಯೋಕೆ ಇದನ್ನು ಬಳಸುತ್ತೆ, ಹಾಗಾಗಿ ಜನವರಿಯಿಂದ ಬಿಸಿ ಏರೋದು ಟೀಚರುಗಳಿಗೆ.

ನಮ್ಮ ಮಕ್ಕಳು ಇಲ್ಲಿ ಎಡವೋದು ಲೆಕ್ಕದಲ್ಲಲ್ಲ, ಪ್ರಶ್ನೆಯ ಮಾತಿನಲ್ಲಿ. ಮಗ್ಗಿ 20ರವರೆಗೆ ಬಾಯಿಪಾಠ ಬಂದಿರುತ್ತೆ, ಇಲ್ಲಿ 12 ಸಾಕು. ಆದರೆ ಇಂಥ ಪ್ರಶ್ನೆ ನೋಡಿ: 'ಒಂದು ರಿಬ್ಬನ್ನಿನಲ್ಲಿ ಎಂಟನೇ ಮೂರು ಭಾಗ ಕತ್ತರಿಸಿದೆ, 45 ಸೆಂ.ಮೀ. ಉಳಿಯಿತು, ಮೊದಲು ಎಷ್ಟಿತ್ತು?' ಸೂತ್ರ ಕಲಿತ ಮಗು ತಕ್ಷಣ 45ನ್ನು ಎಂಟನೇ ಮೂರರಿಂದ ಗುಣಿಸಿಬಿಡುತ್ತೆ. ಇಲ್ಲಿ ಕಲಿಸೋದು ಒಂದು ಪಟ್ಟಿ ಬರೆದು ಎಂಟು ಮನೆ ಮಾಡೋದು: ಮೂರು ಹೋಯ್ತು, ಐದು ಉಳೀತು, ಐದು ಮನೆ 45, ಒಂದು ಮನೆ 9, ಎಂಟು ಮನೆ 72. ಮನೆಯಲ್ಲಿ ದೋಸೆ ಹಂಚುವಾಗಲೂ ಇದನ್ನು ಆಡಬಹುದು. ಎರಡು ಅಂಕದ ದೊಡ್ಡ ಗುಣಾಕಾರ, ಭಾಗಾಕಾರಗಳಲ್ಲಿ ಕ್ರಮಬದ್ಧವಾಗಿ ಹೆಜ್ಜೆ ತೋರಿಸಿ ಎಲ್ಲೋ ಒಂದು ಕಡೆ ತಪ್ಪಿದರೂ ಒಂದು ಅಂಕ ಸಿಗುತ್ತೆ. ಮನಸ್ಸಲ್ಲೇ ಮಾಡಿ ಬರೀ ಉತ್ತರ ಬರೆಯೋ ಜಾಣರಿಗೆ ಅದು ತಪ್ಪಿಹೋಗುತ್ತೆ.

ಇನ್ನೊಂದು ಸಣ್ಣ ವಿಷಯ, ಬರೋ ಮೊದಲೇ ತಿದ್ದಬಹುದು. ಇಯರ್ ಸಿಕ್ಸ್‌ನಲ್ಲಿ ಒಂದು ಕೋಟಿವರೆಗಿನ ಸಂಖ್ಯೆ ಓದಬೇಕು, ಆದರೆ ಇಲ್ಲಿ ಲಕ್ಷವೂ ಇಲ್ಲ ಕೋಟಿಯೂ ಇಲ್ಲ. ಮಗಳು 12,34,567 ಅಂತ ಅಲ್ಪವಿರಾಮ ಹಾಕಿದರೆ ಪಕ್ಕದ ಹುಡುಗಿಗೆ ಅರ್ಥವಾಗಲ್ಲ. ಮೂರು ಮೂರು ಅಂಕಿಗೆ ಒಂದು, 1,234,567. ಹದಿನೈದು ದಿನ ಅಭ್ಯಾಸ ಮಾಡಿಸಿ, ಸಾಕು.

ಓದಿನ ಪತ್ರಿಕೆ ನಿಜವಾಗಲೂ ಕಷ್ಟ. ಮೂರು ಪಠ್ಯ ಇರುತ್ತೆ, ಮೂರೂ ಮುಂಚೆ ನೋಡಿರದವು. 'ಆ ಹುಡುಗ ಹೆದರಿದ್ದ ಅಂತ ನಿನಗೆ ಹೇಗೆ ಗೊತ್ತಾಯ್ತು, ಎರಡು ಪುರಾವೆ ಕೊಡು' ಅನ್ನೋ ಥರ ಕೇಳ್ತಾರೆ. ನೋಟ್ಸ್ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರಲ್ಲ. ಟ್ಯೂಷನ್‌ಗೆ ಎತ್ತಿಟ್ಟ ದುಡ್ಡು ಉಳಿಸಿ, ಊರಿನ ಲೈಬ್ರರಿ ಕಾರ್ಡು ಮಾಡಿಸಿ, ಅದು ಉಚಿತ. ದಿನಾ ಇಪ್ಪತ್ತು ನಿಮಿಷ ಜೋರಾಗಿ ಓದಿಸಿ, ನಡುನಡುವೆ ಯಾಕೆ ಅಂತ ಕೇಳಿ. ಕೇಳೋದು ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಸುಧಾರಿಸಲಿ ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ ಯಾವ ಒಳ್ಳೇ ಟೀಚರೂ ಹೇಳಲ್ಲ.

ಡಬ್ಬಿ. ಬಹಳ ಶಾಲೆಗಳಲ್ಲಿ ಕಡಲೆಬೀಜ, ಗೋಡಂಬಿ ಥರದ್ದೆಲ್ಲ ನಿಷೇಧ, ಅಲರ್ಜಿ ಇರೋ ಮಗುವಿಗೆ ಅದು ಪ್ರಾಣಾಪಾಯ. ಅಂದರೆ ಚಿತ್ರಾನ್ನ, ಪುಳಿಯೋಗರೆಗೆ ಕಡಲೆಬೀಜ ಹಾಕೋ ಹಾಗಿಲ್ಲ. ಒಗ್ಗರಣೆಗೆ ಕಡಲೆಬೇಳೆ, ಉದ್ದಿನಬೇಳೆ ಸಾಕು. ಊರಿಂದ ಅತ್ತೆ ಕಳಿಸೋ ಚಟ್ನಿಪುಡಿಯಲ್ಲಿ ಏನಿದೆ ಅಂತ ಕೇಳಿಕೊಳ್ಳಿ, ಎಳ್ಳಿಗೂ ಕೆಲವು ಶಾಲೆ ಬೇಡ ಅನ್ನುತ್ತೆ. ಬಿಸಿ ಮಾಡಿಕೊಡೋ ವ್ಯವಸ್ಥೆ ಇಲ್ಲ, ತಿನ್ನೋಕೆ ಸಿಗೋದು ಇಪ್ಪತ್ತು ಇಪ್ಪತ್ತೈದು ನಿಮಿಷ, ಹಾಗಾಗಿ ತಣ್ಣಗಾದರೂ ತಿನ್ನಬಹುದಾದ ಚಪಾತಿ ಸುರುಳಿ, ಇಡ್ಲಿ, ನಿಂಬೆ ಅನ್ನ. ಅಕ್ಕಿರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಥರ ಆಗುತ್ತೆ, ಅದನ್ನ ಮನೆಗೆ ಬಂದಮೇಲೆ ಕೊಡಿ. ಶಾಲೆ ಊಟದಲ್ಲೂ ದಿನಾ ಒಂದು ಸಸ್ಯಾಹಾರಿ ಬಗೆ ಇರುತ್ತೆ. ಸಸ್ಯಾಹಾರಿಗಳಾದರೆ ಇದೂ ತಿಳಿದಿರಲಿ: ಚಳಿಗಾಲದ ಮೊದಲು ಶಾಲೆಯಲ್ಲಿ ಮೂಗಿಗೆ ಹಾಕೋ ಫ್ಲೂ ಲಸಿಕೆಯಲ್ಲಿ ಹಂದಿಯ ಜಿಲಾಟಿನ್ ಇದೆ. ಬೇಡ ಅಂದರೆ ಒಪ್ಪಿಗೆ ಫಾರ್ಮ್‌ನಲ್ಲಿ ಬರೆದು ಇಂಜೆಕ್ಷನ್ ಕೇಳಿ.

ರಜೆ ವಿಷಯದಲ್ಲಿ ಊರಿನ ಸಡಿಲ ಇಲ್ಲಿ ನಡೆಯಲ್ಲ. ಹತ್ತು ಶಾಲಾ ವಾರದೊಳಗೆ ಐದು ದಿನ ಅನುಮತಿ ಇಲ್ಲದೆ ತಪ್ಪಿಸಿದರೆ ದಂಡ: 21 ದಿನದಲ್ಲಿ ಕಟ್ಟಿದರೆ 80 ಪೌಂಡ್, ಆಮೇಲೆ 28ನೇ ದಿನದವರೆಗೆ 160. ಅದೂ ಒಬ್ಬ ಪೋಷಕರಿಗೆ, ಒಂದು ಮಗುವಿಗೆ. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಚೀಟಿ ಬರುತ್ತೆ. ತಂಗಿ ಮದುವೆ ಅಂದರೂ ಹೆಡ್‌ಟೀಚರ್ ಒಪ್ಪಲೇಬೇಕು ಅಂತಿಲ್ಲ. ದೀಪಾವಳಿ ದಿನಕ್ಕೆ ಧಾರ್ಮಿಕ ರಜೆ ಮೊದಲೇ ಕೇಳಿದರೆ ಸಾಮಾನ್ಯವಾಗಿ ಕೊಡ್ತಾರೆ. ಹಾಸನಾಂಬೆಯ ಬಾಗಿಲು ತೆರೆಯೋ ದಿನಗಳು ಕೆಲವು ವರ್ಷ ಅಕ್ಟೋಬರ್ ರಜೆಗೆ ಹೊಂದುತ್ತೆ, ಕೆಲವು ವರ್ಷ ಇಲ್ಲ. ಟಿಕೆಟ್ ತೆಗೆಯೋ ಮೊದಲು ಶಾಲೆಯ ಕ್ಯಾಲೆಂಡರ್ ನೋಡಿ. 'ಹುಷಾರಿಲ್ಲ' ಅಂತ ಸುಳ್ಳು ಹೇಳಿ ಹೋದರೆ, ಹತ್ತು ವರ್ಷದ ಮಗು ವಾಪಸ್ ಬಂದು ಕ್ಲಾಸಿಗೆಲ್ಲ ಜಾತ್ರೆ ಕತೆ ಹೇಳೇ ಹೇಳುತ್ತೆ.

ಟೀಚರ ಜೊತೆ ಮಾತು ವರ್ಷಕ್ಕೆ ಎರಡು ಸಲ, ಹತ್ತೇ ನಿಮಿಷ. 'ಹೇಗಿದ್ದಾಳೆ?' ಅಂದರೆ 'ಲವ್ಲಿ' ಅಂತಾರೆ, ಸಮಯ ಮುಗೀತು. ಓದು, ಬರಹ, ಗಣಿತ ಮೂರರಲ್ಲೂ ವಯಸ್ಸಿನ ಮಟ್ಟಕ್ಕೆ ಇದ್ದಾಳಾ, ಇಲ್ಲದಿದ್ದರೆ ಯಾವ ಅಂಶದಲ್ಲಿ ಕೊರತೆ, ಮಧ್ಯಾಹ್ನ ಯಾರ ಜೊತೆ ಆಡ್ತಾಳೆ, ಇಷ್ಟನ್ನೇ ಕೇಳಿ. ಕೊನೆಯದನ್ನು ಬಿಡಬೇಡಿ. ಆರು ವರ್ಷದಿಂದ ಒಟ್ಟಿಗಿರೋ ಗುಂಪಿಗೆ ಹೊಸಬಳಾಗಿ ಹೋಗೋದು ಅವಳಿಗೆ ಭಾಗಾಕಾರಕ್ಕಿಂತ ಕಷ್ಟ.

ಹೊಡೆಯೋದು ಬೇಡ, ತಮಾಷೆಗೂ 'ಹೊಡೀತೀನಿ' ಅನ್ನೋದು ಬೇಡ. ಮಗು ಶಾಲೆಯಲ್ಲಿ ಅದನ್ನು ಹೇಳಿದರೆ ಟೀಚರ್ ಅದನ್ನು ಬರೆದು ಮೇಲಿನವರಿಗೆ ತಿಳಿಸಲೇಬೇಕು. ದೇಹದ ಬದಲಾವಣೆ ಬಗ್ಗೆ ಈ ವರ್ಷ ಪಾಠ ಇರುತ್ತೆ. ಪಾಠದ ಚಿತ್ರಗಳನ್ನು ಮುಂಚೆಯೇ ನೋಡಬೇಕು ಅಂತ ಕೇಳಬಹುದು, ಮುಜುಗರ ಪಡಬೇಡಿ. ಮಗಳಿಗೆ ನೀವು ಮೊದಲೇ ಎರಡು ಮಾತು ಹೇಳಿದ್ದರೆ ಅವಳಿಗೂ ಸಲೀಸು.

ಕಿವಿಯ ಓಲೆ ವ್ಯಾಯಾಮದ ದಿನ ಬಿಚ್ಚಬೇಕು, ಬಳೆ ಹಾಕೋ ಹಾಗೇ ಇಲ್ಲ. ಪ್ರೈಮರಿ ಮುಗಿಯೋದರೊಳಗೆ 25 ಮೀಟರ್ ಈಜಬೇಕು ಅಂತ ಪಠ್ಯದಲ್ಲೇ ಇದೆ. ಜೊತೆಯವರು ಕಲಿತು ಮುಗಿಸಿರಬಹುದು, ಹಾಸನದಲ್ಲಿರುವಾಗಲೇ ಈ ಬೇಸಿಗೆ ನೀರಿಗಿಳಿಸಿ. ಮೂರರಿಂದ ಐದು ದಿನದ ಪ್ರವಾಸ ಇರುತ್ತೆ, ಖರ್ಚು ನೂರಾರು ಪೌಂಡ್, ಕಂತಿನಲ್ಲಿ ಕಟ್ಟಬಹುದು. ಫ್ರಾನ್ಸ್‌ಗೆ ಹೋಗೋ ಶಾಲೆಯಾದರೆ ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕಾ ಅಂತ ಶಾಲೆಯಲ್ಲಿ ಮುಂಚೆಯೇ ಕೇಳಿಕೊಳ್ಳಿ. ಮಳೆಯ ಬಗ್ಗೆ ಒಂದು ಮಾತು. ಸಕಲೇಶಪುರದ ಮಳೆ ಕಂಡವರಿಗೆ ಇಲ್ಲಿನದು ತುಂತುರು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗೋದು ಮಾತ್ರ ಮಗುವಿನ ಮನಸ್ಸಿಗೆ ಭಾರ.

ಟಿ.ಸಿ. ಇಲ್ಲಿ ಬೇಡ ಅಂದೆ, ಆದರೆ ಊರಲ್ಲೇ ಬಿಟ್ಟು ಬರಬೇಡಿ. ವೀಸಾ ಮುಗಿದು ಎರಡು ವರ್ಷದಲ್ಲಿ ವಾಪಸ್ ಹೋಗೋ ಹಾಗಾದರೆ ಹಾಸನದ ಶಾಲೆಯಲ್ಲಿ ಮೊದಲು ಕೇಳೋದು ಅದನ್ನು, ಜೊತೆಗೆ ಅವಳ ಸ್ಯಾಟ್ಸ್ ನಂಬರನ್ನು. ಎರಡನ್ನೂ ಫೋಟೋ ತೆಗೆದು ಇಬ್ಬರ ಫೋನಲ್ಲೂ ಇಟ್ಟುಕೊಳ್ಳಿ.