ಹೊರಡುವ ಮೊದಲೇ ಫೆಬ್ರವರಿಯ ಕಡಲನ್ನು ಗೊತ್ತು ಮಾಡಿಕೊ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಅಕ್ಟೋಬರ್ ಕೊನೆಗೆ ಅಮೆರಿಕದ ಮಿನಿಯಾಪೊಲಿಸ್‌ಗೆ ಹೊರಟಿದ್ದೀಯ. ಕೆಲಸ, ಮನೆ, ಮಗಳ ಶಾಲೆ ಎಲ್ಲ ಹೆಚ್ಚು ಕಡಿಮೆ ಗೊತ್ತಾಗಿದೆ, ಉಳಿದಿರುವುದು ಚಳಿಯ ಭಯ ಮಾತ್ರ. "ಅಕ್ಕಾ, ಅಲ್ಲಿ ಅಷ್ಟು ತಿಂಗಳು ಮನೆಯೊಳಗೇ ಕೂತಿರಬೇಕಾ? ಬೆಚ್ಚಗಿರೋ ಕಡೆ ಹೋಗಿ ಸಮುದ್ರದಲ್ಲಿ ಗಾಳ ಹಾಕೋಕೆ ಆಗುತ್ತಾ?" ಅಂತ ಕೇಳಿದ್ದೀಯ. ಆಗುತ್ತೆ. ಆದರೆ ಅದನ್ನು ಅಲ್ಲಿಗೆ ಹೋದ ಮೇಲೆ ನೋಡೋಣ ಅಂತ ಬಿಡಬೇಡ. ರಾಜಾಜಿನಗರದಲ್ಲಿ ಕೂತಿರುವಾಗಲೇ ದಿನಾಂಕ ಹಾಕಿಕೊ. ನಾನೂ ದಸರಾಕ್ಕೆ ಊರಿಗೆ ಬಂದಿದ್ದೇನೆ, ಪುರುಸೊತ್ತಿದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಚಳಿಯ ಮಾತು. ಬೆಂಗಳೂರಲ್ಲಿ ಜನವರಿ ಬೆಳಗ್ಗೆ 15 ಡಿಗ್ರಿಗೆ ಇಳಿದರೆ ಮನೆಯವರೆಲ್ಲ ಸ್ವೆಟರ್, ಮಂಕಿ ಕ್ಯಾಪ್ ಹುಡುಕುತ್ತಾರೆ. ಮಿನಿಯಾಪೊಲಿಸ್‌ನಲ್ಲಿ ಜನವರಿಯ ಮಧ್ಯಾಹ್ನವೇ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ಇರುತ್ತದೆ. ರಾತ್ರಿ ಮೈನಸ್ 13ರ ಆಸುಪಾಸು. ಒಳ್ಳೆಯ ಜಾಕೆಟ್, ಬೂಟು ಇದ್ದರೆ ಅದನ್ನು ತಡೆದುಕೊಳ್ಳಬಹುದು, ನಿಜವಾಗಿ. ನಮ್ಮಂಥವರಿಗೆ ಜಾಸ್ತಿ ಕಷ್ಟ ಕೊಡುವುದು ಕತ್ತಲು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆಫೀಸಿಂದ ಹೊರಗೆ ಬರುವಷ್ಟರಲ್ಲಿ ರಾತ್ರಿ. ಕ್ರಿಸ್‌ಮಸ್‌ವರೆಗೆ ದೀಪ, ಊಟ, ಜನ ಅಂತ ಹೇಗೋ ಕಳೆಯುತ್ತದೆ. ಜನವರಿ ಅರ್ಧ ಆಗುವಷ್ಟರಲ್ಲಿ ದೀಪಗಳನ್ನು ಇಳಿಸಿರುತ್ತಾರೆ, ಹಿಮ ಮಾತ್ರ ಹಾಗೇ ಇರುತ್ತದೆ. ಇಲ್ಲಿ ಅವರೆಕಾಯಿ ಸೊಗಡಿನ ಕಾಲ, ಅಲ್ಲಿ ನೀನು ಕಿಟಕಿ ನೋಡುತ್ತಾ ಕೂತಿರುತ್ತೀಯ. ಮನಸ್ಸು ಕುಸಿಯುವುದು ಆಗಲೇ. ಹಾಗಾಗಿ ಪ್ರವಾಸ ಜನವರಿ ಕೊನೆಯ ವಾರಕ್ಕೋ ಫೆಬ್ರವರಿ ಮೊದಲ ವಾರಕ್ಕೋ ಬೀಳಲಿ. ಕ್ರಿಸ್‌ಮಸ್ ವಾರದಲ್ಲಿ ವಿಮಾನ, ಹೋಟೆಲ್ ಎರಡೂ ಕೈ ಸುಡುತ್ತವೆ. ಫೆಬ್ರವರಿ ಮೂರನೇ ಸೋಮವಾರ ಪ್ರೆಸಿಡೆಂಟ್ಸ್ ಡೇ ರಜೆ ಇರುತ್ತದೆ, ಆ ವಾರವೂ ಬೇಡ.

ಅಲ್ಲಿಯವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಗಾಳ ಇಳಿಬಿಡುತ್ತಾರೆ. ಮಂಜುಗಡ್ಡೆ ಕನಿಷ್ಠ ನಾಲ್ಕು ಇಂಚು ದಪ್ಪ ಇದ್ದರೆ ಮಾತ್ರ ನಡೆಯಬೇಕು ಅಂತ ಸರ್ಕಾರವೇ ಹೇಳುತ್ತದೆ. ಯಾರಾದರೂ ಕರೆದರೆ ಖಂಡಿತ ಹೋಗು. ಆದರೆ ಅದು ನಿನಗೆ ಬೇಕಾಗಿರುವ ಬಿಸಿಲನ್ನು ಕೊಡುವುದಿಲ್ಲ, ಅಲ್ವಾ?

ಬಿಸಿಲಿಗೆ ನಾನು ಹೇಳುವ ಜಾಗ ಫ್ಲೋರಿಡಾ ಕೀಸ್. ಮಯಾಮಿಯ ಕೆಳಗೆ ನೈಋತ್ಯಕ್ಕೆ ಬಾಗಿ ಹೋಗುವ ಸಣ್ಣ ಸಣ್ಣ ದ್ವೀಪಗಳ ಸಾಲು. ಒಂದೇ ರಸ್ತೆ, 113 ಮೈಲಿ, 42 ಸೇತುವೆ. ಬಲಕ್ಕೆ ಮೆಕ್ಸಿಕೊ ಕೊಲ್ಲಿಯ ಕಡೆಯ ನೀರು, ಎಡಕ್ಕೆ ಅಟ್ಲಾಂಟಿಕ್. ಜನವರಿಯಲ್ಲಿ ಸಾಲಿನ ಕೊನೆಯ ಊರು ಕೀ ವೆಸ್ಟ್‌ನಲ್ಲಿ ಹಗಲು 24 ಡಿಗ್ರಿ, ರಾತ್ರಿ 18ರ ಸುತ್ತ. ಅಂದರೆ ನಮ್ಮ ಬೆಂಗಳೂರಿನ ಚಳಿಗಾಲವೇ. ಮಿನಿಯಾಪೊಲಿಸ್‌ನಿಂದ ಮಯಾಮಿಗೆ ನೇರ ವಿಮಾನದಲ್ಲಿ ನಾಲ್ಕು ಗಂಟೆ ಇಟ್ಟುಕೊ. ಅಲ್ಲಿಂದ ಬಾಡಿಗೆ ಕಾರಲ್ಲಿ ದಾರಿಯಲ್ಲಿ ಸಿಗುವ ಇಸ್ಲಾಮೊರಾಡಾ ಎಂಬ ಊರು ಎರಡು ಗಂಟೆಯೊಳಗೆ. ತುದಿಯ ಕೀ ವೆಸ್ಟ್‌ವರೆಗೆ ಹೋದರೆ ಇನ್ನೆರಡು ಗಂಟೆ ಹೆಚ್ಚು. ಮಗಳು ಚಿಕ್ಕವಳು, ಮೀನು ಮುಖ್ಯ ಅಂದಮೇಲೆ ಇಸ್ಲಾಮೊರಾಡಾ ಅಥವಾ ಅದೇ ರಸ್ತೆಯಲ್ಲಿ ಮುಂದೆ ಸಿಗುವ ಮ್ಯಾರಥಾನ್‌ನಲ್ಲೇ ಉಳಿದುಕೊ.

ಕ್ಯಾಂಕುನ್, ಬಹಾಮಾಸ್ ಅಂತ ಆಫೀಸಲ್ಲಿ ಆಸೆ ಹುಟ್ಟಿಸುವವರು ಸಿಗುತ್ತಾರೆ. ಮೊದಲ ವರ್ಷ ಬೇಡ. ದೇಶ ಬಿಟ್ಟು ಹೊರಗೆ ಹೋದರೆ ವಾಪಸ್ ಬರುವಾಗ ವೀಸಾ, ಕಾಗದ ಪತ್ರ ಅಂತ ತಲೆಬಿಸಿ. ಕೀಸ್ ದೇಶದೊಳಗೇ ಇದೆ. ಆದರೂ ಪಾಸ್‌ಪೋರ್ಟು, ದೇಶದೊಳಗೆ ಬಂದದ್ದಕ್ಕೆ ದಾಖಲೆಯಾದ ಐ-94ರ ಪ್ರತಿ ಜೊತೆಗಿರಲಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಗಾಳಿ. ಮೊದಲ ಸಲ ಹೋಗುವವರು ಯಾವ ಮೀನು, ಯಾವ ದೋಣಿ ಅಂತ ತಿಂಗಳುಗಟ್ಟಲೆ ಹುಡುಕುತ್ತಾರೆ, ಗಾಳಿಯನ್ನು ಕೇಳುವುದೇ ಇಲ್ಲ. ಚಳಿಗಾಲದಲ್ಲಿ ಉತ್ತರದಿಂದ ತಣ್ಣನೆಯ ಗಾಳಿಯ ಅಲೆ ಒಂದರ ಹಿಂದೆ ಒಂದು ಇಳಿದು ಬರುತ್ತದೆ, ಕೋಲ್ಡ್ ಫ್ರಂಟ್ ಅನ್ನುತ್ತಾರೆ. ಅದು ಬರುವ ಮುಂಚಿನ ದಿನ ದಕ್ಷಿಣದ ಕಡೆಯಿಂದ ಬೆಚ್ಚಗೆ ಬೀಸುತ್ತದೆ. ಅದು ದಾಟುತ್ತಿದ್ದಂತೆ ಗಾಳಿ ವಾಯವ್ಯಕ್ಕೆ, ಉತ್ತರಕ್ಕೆ ತಿರುಗಿ ಜೋರಾಗುತ್ತದೆ. ಆಮೇಲೆ ಈಶಾನ್ಯ, ಪೂರ್ವ ಅಂತ ಸರಿದು ನಿಧಾನಕ್ಕೆ ಜೋರು ಕಡಿಮೆಯಾಗುತ್ತದೆ. ಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ದಾಟಿದರೆ ಹೊರಗಿನ ಕಡಲು ಒರಟು. 20 ದಾಟಿದರೆ ಸಣ್ಣ ದೋಣಿಗಳಿಗೆ ಹವಾಮಾನ ಇಲಾಖೆಯ ಎಚ್ಚರಿಕೆ ಬರುತ್ತದೆ, ದೋಣಿಯವರೇ ಬೇಡ ಅನ್ನುತ್ತಾರೆ. ಅಪರೂಪಕ್ಕೆ ಚಳಿ ಅಲ್ಲಿಯವರೆಗೂ ಗಟ್ಟಿಯಾಗಿ ಬರುತ್ತದೆ. 2010ರ ಜನವರಿಯಲ್ಲಿ ದಕ್ಷಿಣ ಫ್ಲೋರಿಡಾದ ನೀರು ಎಷ್ಟು ತಣ್ಣಗಾಯಿತೆಂದರೆ ಸ್ನೂಕ್ ಎನ್ನುವ ಮೀನು ರಾಶಿ ರಾಶಿ ಸತ್ತು ತೇಲಿತು.

ಹಾಗಾಗಿ ಎರಡು ರಾತ್ರಿಯ ಪ್ರವಾಸ ಹಾಕಬೇಡ. ಐದು ರಾತ್ರಿ ಇಟ್ಟುಕೊ. ದೋಣಿಯನ್ನು ಎರಡನೇ ದಿನಕ್ಕೆ ಗೊತ್ತು ಮಾಡು. ಗಾಳಿ ಕೈಕೊಟ್ಟರೆ ಮುಂದಕ್ಕೆ ಹಾಕಲು ಇನ್ನೂ ದಿನಗಳಿರುತ್ತವೆ. ಮುಂಗಡ ಕೊಡುವ ಮುಂಚೆಯೇ ಒಂದು ಪ್ರಶ್ನೆ ಕೇಳು: ಹವಾಮಾನ ಕೆಟ್ಟು ದೋಣಿ ಹೊರಡದಿದ್ದರೆ ಹಣ ವಾಪಸ್ಸೋ, ಬೇರೆ ದಿನವೋ? ಇದಕ್ಕೆ ನೇರವಾಗಿ ಉತ್ತರ ಕೊಡದವರ ಸಹವಾಸ ಬೇಡ.

ದೋಣಿಯಲ್ಲಿ ಎರಡು ಬಗೆ. ಒಂದು, ಆರು ಜನರವರೆಗೆ ಕರೆದುಕೊಂಡು ಹೋಗುವ ಚಾರ್ಟರ್. ಇಡೀ ದೋಣಿ ನಿನ್ನದೇ, ಅರ್ಧ ದಿನಕ್ಕೇ ಹಲವು ನೂರು ಡಾಲರ್. ಇನ್ನೊಂದು ಪಾರ್ಟಿ ಬೋಟ್. ದೊಡ್ಡ ದೋಣಿ, ತಲೆಗೆ ಇಷ್ಟು ಅಂತ ಟಿಕೆಟ್, ಗಾಳದ ಕೋಲು, ಎರೆ ಎಲ್ಲ ಅವರದೇ. ಹೊಸದಾಗಿ ಸಂಸಾರ ಹೂಡುವವನು ನೀನು. ಪಾರ್ಟಿ ಬೋಟಿನಲ್ಲಿ ಅರ್ಧ ದಿನ ಹೋಗು, ಸಾಕು. ಎರಡರಲ್ಲೂ ಕೆಲಸದ ಹುಡುಗರಿಗೆ ಶೇಕಡಾ 15ರಿಂದ 20 ಟಿಪ್ಸ್ ಕೊಡುವುದು ರೂಢಿ. ಮೀನು ಕೊಯ್ದು ಮುಳ್ಳು ತೆಗೆದು ಕೊಡುವವರು ಅವರೇ, ಜಿಪುಣತನ ಮಾಡಬೇಡ.

ನೀನು ಚಿಕ್ಕವನಿದ್ದಾಗ ನಿಮ್ಮಪ್ಪನ ಜೊತೆ ಕೆರೆ ಏರಿ ಮೇಲೆ ಕೂತು ಜಿಲೇಬಿ ಮೀನು ಹಿಡಿಯುತ್ತಿದ್ದೆಯಲ್ಲ, ಆ ತಾಳ್ಮೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಕೈಯ ಅಭ್ಯಾಸ ಬದಲಾಗಬೇಕು. ತೀರದಿಂದ ಐದಾರು ಮೈಲಿ ಆಚೆ ಹವಳದ ದಿಬ್ಬವಿದೆ. ಅಲ್ಲಿ ಲಂಗರು ಹಾಕುತ್ತಾರೆ. ಹಿಂಬದಿಗೆ ಒಂದು ಬಲೆಚೀಲ ಇಳಿಬಿಡುತ್ತಾರೆ, ಒಳಗೆ ಅರೆದು ಹೆಪ್ಪುಗಟ್ಟಿಸಿದ ಮೀನು. ಅದು ಕರಗುತ್ತಾ ಹರಿವಿನ ಜೊತೆ ಮೋಡದಂತೆ ಹಿಂದಕ್ಕೆ ಹೋಗುತ್ತದೆ. ಆ ಮೋಡದೊಳಗೆ ಯೆಲ್ಲೋಟೇಲ್ ಸ್ನ್ಯಾಪರ್ ಎನ್ನುವ ಮೀನುಗಳು ಮೇಲೇರಿ ಬರುತ್ತವೆ. ಮೂಗಿನಿಂದ ಬಾಲದವರೆಗೆ ಒಂದು ಹಳದಿ ಪಟ್ಟೆ, ಕವಲೊಡೆದ ಹಳದಿ ಬಾಲ. ನೀರು ತಿಳಿಯಾಗಿರುವುದರಿಂದ ಕಣ್ಣಿಗೇ ಕಾಣುತ್ತವೆ. ಸಣ್ಣ ಗಾಳಕ್ಕೆ ಒಂದು ಚೂರು ಸಿಗಡಿ ಸಿಕ್ಕಿಸಿ, ಭಾರ ಇಲ್ಲದೆ ದಾರವನ್ನು ಸಡಿಲವಾಗಿ ಬಿಡಬೇಕು. ಹರಿವಿನ ವೇಗಕ್ಕೇ ಅದು ಹೋಗಬೇಕು. ಬೆರಳಲ್ಲಿ ದಾರ ಒಂದು ಕ್ಷಣ ತಡೆದರೂ ಎರೆ ನೀರಲ್ಲಿ ನಿಂತುಬಿಡುತ್ತದೆ, ಸುತ್ತ ಇರುವ ಚೂರುಗಳೆಲ್ಲ ಮುಂದೆ ಹೋಗುತ್ತವೆ. ಮೀನು ತಿರುಗಿಯೂ ನೋಡುವುದಿಲ್ಲ. ದಾರ ಇದ್ದಕ್ಕಿದ್ದಂತೆ ಓಡತೊಡಗಿದಾಗ ರೀಲ್ ಮುಚ್ಚಿ ಸುಮ್ನೆ ಸುತ್ತಬೇಕು. ಕೋಲನ್ನು ಜಗ್ಗಬಾರದು. ಅಲ್ಲಿ ಕೊಡುವುದು ಹೆಚ್ಚಾಗಿ ಒಳಕ್ಕೆ ಬಾಗಿದ ಸರ್ಕಲ್ ಹುಕ್, ಅದು ತಾನೇ ಬಾಯಿಯ ಮೂಲೆಗೆ ಹೋಗಿ ಕೂರುತ್ತದೆ. ಕೆರೆಯ ಕೈ ಜಗ್ಗೋಕೆ ಹೋಗುತ್ತದೆ, ಜೋಪಾನ. ಮೀನು 12 ಇಂಚಿಗಿಂತ ಚಿಕ್ಕದಿದ್ದರೆ ವಾಪಸ್ ನೀರಿಗೆ.

ಗಾಳಿ ಜೋರಿರುವ ದಿನವೂ ಸುಮ್ನೆ ಕೂರಬೇಕಾಗಿಲ್ಲ. ಸೇತುವೆಗಳಿವೆ. 1912ರಲ್ಲಿ ಕೀ ವೆಸ್ಟ್‌ವರೆಗೆ ರೈಲು ಬಂದಿತ್ತು, 1935ರ ಚಂಡಮಾರುತ ಅದನ್ನು ಮುರಿಯಿತು. ಅದೇ ಹಾದಿಯ ಮೇಲೆ 1938ರಲ್ಲಿ ರಸ್ತೆ ಮಾಡಿದರು. ಆಮೇಲೆ ಹೊಸ ಸೇತುವೆ ಕಟ್ಟಿದಾಗ ಹಳೆಯವುಗಳಲ್ಲಿ ಕೆಲವನ್ನು ನಡೆಯುವವರಿಗೆ, ಗಾಳ ಹಾಕುವವರಿಗೆ ಬಿಟ್ಟುಕೊಟ್ಟಿದ್ದಾರೆ. ವಾಹನದ ಕಾಟವಿಲ್ಲ. ಸಿಗಡಿ, ಒಂದು ಬಕೆಟ್ಟು, ಮಡಿಸುವ ಕುರ್ಚಿ ಇದ್ದರೆ ಆಯಿತು. ಕಂಬದ ಬುಡದಲ್ಲಿ ಮ್ಯಾಂಗ್ರೋವ್ ಸ್ನ್ಯಾಪರ್ ಇರುತ್ತವೆ. ಮಗಳಿಗೆ ಮೊದಲ ಮೀನು ಸಿಗುವುದು ಬಹುಶಃ ಇಲ್ಲೇ. ಅವಳ ಹತ್ತಿರ ನೀನು ಇರು, ನಿನ್ನ ಕೋಲು ಆಮೇಲೆ.

ಲೈಸೆನ್ಸ್ ವಿಷಯ ಗಮನವಿಟ್ಟು ಓದು. ಪಾರ್ಟಿ ಬೋಟ್, ಚಾರ್ಟರ್ ಎರಡರಲ್ಲೂ ದೋಣಿಯ ಲೈಸೆನ್ಸೇ ನಿನಗೂ ಸಾಕು. ಸೇತುವೆ, ದಡದಿಂದ ಹಿಡಿಯುವುದಾದರೆ ಹೊರರಾಜ್ಯದವರು ಉಪ್ಪುನೀರಿನ ಲೈಸೆನ್ಸ್ ತೆಗೆದುಕೊಳ್ಳಲೇಬೇಕು. ಮೂರು ದಿನಕ್ಕೆ 17 ಡಾಲರ್, ಏಳು ದಿನಕ್ಕೆ 30. ಹದಿನಾರು ತುಂಬದ ಮಕ್ಕಳಿಗೆ ಬೇಡ. 'ಫಿಶ್ ಹಂಟ್ ಫ್ಲೋರಿಡಾ' ಆ್ಯಪ್‌ನಲ್ಲೇ ಸಿಗುತ್ತದೆ. ಮಂಗಳೂರು, ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಸುವಂತಿಲ್ಲವಲ್ಲ, ಅಲ್ಲಿ ಹಾಗೆ ಒಂದೊಂದು ಮೀನಿಗೆ ಒಂದೊಂದು ರಜಾಕಾಲ. ಅಟ್ಲಾಂಟಿಕ್ ಕಡೆ ಗ್ರೂಪರ್ ಜನವರಿಯಿಂದ ಏಪ್ರಿಲ್‌ವರೆಗೆ ಮುಟ್ಟುವಂತಿಲ್ಲ. ನೀನು ಹೋಗುವ ಕಾಲ ಅದೇ. ಸಿಕ್ಕರೆ ಫೋಟೊ ಬೇಡ, ಬೇಗ ನೀರಿಗೆ ಬಿಡು. ನಿಯಮ ವರ್ಷ ವರ್ಷ ಬದಲಾಗುತ್ತದೆ, ಹೊರಡುವ ವಾರ ಮತ್ತೊಮ್ಮೆ ನೋಡಿಕೊ.

ಊಟದ ಮಾತಿಗೆ ಬರುತ್ತೇನೆ. ಅಡುಗೆಮನೆ ಇರುವ ಬಾಡಿಗೆ ಕೋಣೆಯನ್ನೇ ಹುಡುಕು. ಚಳಿಗಾಲದಲ್ಲಿ ಅಲ್ಲಿ ಸಿಗುವ ಸ್ಪ್ಯಾನಿಷ್ ಮ್ಯಾಕೆರೆಲ್, ಕಿಂಗ್ ಮ್ಯಾಕೆರೆಲ್ ಎರಡೂ ನಮ್ಮ ಅಂಜಲ್‌ನ ಕುಲದವೇ. ರಸೆಲ್ ಮಾರ್ಕೆಟ್‌ನಿಂದ ನಿಮ್ಮಮ್ಮ ತರಿಸಿ ರವೆ ಹಚ್ಚಿ ಕರಿಯುವ ತುಂಡು ನೆನಪಿದೆಯಲ್ಲ, ಹಾಗೆಯೇ ಮಾಡು. ಸ್ಪ್ಯಾನಿಷ್ ಮ್ಯಾಕೆರೆಲ್ ಸಿಕ್ಕ ದಿನವೇ ತಿನ್ನು, ಇಟ್ಟರೆ ರುಚಿ ಹೋಗುತ್ತದೆ. ಕಿಂಗ್ ಮ್ಯಾಕೆರೆಲ್‌ನಲ್ಲಿ ಪಾದರಸದ ಅಂಶ ಜಾಸ್ತಿ, ಮಕ್ಕಳಿಗೆ, ಬಸುರಿಯರಿಗೆ ಬೇಡ ಅಂತ ಅಲ್ಲಿನ ಆಹಾರ ಇಲಾಖೆಯೇ ಹೇಳಿದೆ. ಮಗಳ ತಟ್ಟೆಗೆ ಸ್ನ್ಯಾಪರ್ ಹಾಕು. ಬರಾಕುಡಾ ಸಿಕ್ಕರೆ ಯಾರು ಏನೇ ಹೇಳಲಿ ತಿನ್ನಬೇಡ. ಹವಳದ ಕಡಲಿನ ದೊಡ್ಡ ಬೇಟೆಗಾರ ಮೀನುಗಳಲ್ಲಿ ಸಿಗ್ವಟೆರಾ ಎಂಬ ವಿಷ ಸೇರಿರಬಹುದು. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಇಲ್ಲಿಂದ ಒಯ್ಯಬೇಕಾದದ್ದು ಸ್ವಲ್ಪವೇ. ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ. ತೆಳು ಹತ್ತಿಯ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ. ಕನ್ನಡಕ ಹಾಕುತ್ತೀಯ ಅಂದಮೇಲೆ ನಿನ್ನ ನಂಬರಿಗೆ ಪೋಲರೈಸ್ಡ್ ತಂಪು ಕನ್ನಡಕವನ್ನು ಬೆಂಗಳೂರಲ್ಲೇ ಮಾಡಿಸು, ಅಲ್ಲಿ ತುಂಬಾ ದುಬಾರಿ. ಅದಿಲ್ಲದಿದ್ದರೆ ನೀರಿನ ಹೊಳಪಿಗೆ ಕೆಳಗಿನ ಮೀನು ಕಾಣುವುದೇ ಇಲ್ಲ. ಚಾರ್ಮಾಡಿ ಘಾಟಿಯಲ್ಲಿ ನಿಮ್ಮ ಮನೆಯವರಿಗೆ ಬಸ್ಸಿನಲ್ಲಿ ವಾಂತಿ ಅಂತ ಬರೆದಿದ್ದೀಯ. ಹಾಗಿದ್ದರೆ ದೋಣಿಯಲ್ಲೂ ಆಗುತ್ತದೆ. ವಾಂತಿಗೆ ಇಲ್ಲಿ ನುಂಗುವ ಅವೊಮಿನ್ ಮಾತ್ರೆ ತುಂಬಾ ನಿದ್ದೆ ತರಿಸುತ್ತದೆ. ಅಲ್ಲಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಮೆಕ್ಲಿಜಿನ್ ಸಿಗುತ್ತದೆ, ನಿದ್ದೆ ಕಡಿಮೆ. ಅವರಿಗೆ ಅದು ಆಗುತ್ತದಾ ಅಂತ ಡಾಕ್ಟರನ್ನು ಕೇಳಿಟ್ಟುಕೊ. ತಲೆ ತಿರುಗಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಹಿಂದಿನ ರಾತ್ರಿ ಒಂದು, ಬೆಳಗ್ಗೆ ಒಂದು ಅನ್ನುವುದು ಅಲ್ಲಿಯವರ ಪದ್ಧತಿ. ಇನ್ನೊಂದು, ತಿಂಡಿಗೆ ಏಲಕ್ಕಿ ಬಾಳೆಯಂಥದ್ದು ಏನೂ ಬೇಡ. ದೋಣಿಗೆ ಬಾಳೆಹಣ್ಣು ಬಂದರೆ ಮೀನು ಬೀಳುವುದಿಲ್ಲ ಅನ್ನುವ ನಂಬಿಕೆ ಅಲ್ಲಿನ ಕ್ಯಾಪ್ಟನ್‌ಗಳಲ್ಲಿ ಗಟ್ಟಿಯಾಗಿದೆ. ಅವರ ದೋಣಿ, ಅವರ ಮಾತು ನಡೆಯಲಿ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಮ್ಯಾನೇಜರ್ ಹತ್ತಿರ ರಜೆಯ ಮಾತು ಎತ್ತು. ಹೊಸಬ, ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ. ಅಲ್ಲಿ ಚಳಿಗಾಲದಲ್ಲಿ ಒಂದು ವಾರ ಬಿಸಿಲಿಗೆ ಹೋಗಿ ಬರುವುದು ಎಲ್ಲರಿಗೂ ಅರ್ಥವಾಗುವ ವಿಷಯ, ಮುಂಚೆ ಹೇಳಿದವರಿಗೆ ಸುಲಭವಾಗಿ ಸಿಗುತ್ತದೆ. ವಿಮಾನದ ಟಿಕೆಟ್ ನವೆಂಬರ್‌ನಲ್ಲೇ ತೆಗೆದುಬಿಡು. ನಾನು ದೀಪಾವಳಿಯವರೆಗೆ ಹನುಮಂತನಗರದ ಮನೆಯಲ್ಲೇ ಇರುತ್ತೇನೆ. ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಒಂದು ಭಾನುವಾರ ಬಾ, ಕ್ಯಾಲೆಂಡರ್ ಮುಂದಿಟ್ಟುಕೊಂಡು ದಿನಾಂಕ ಗೊತ್ತು ಮಾಡೋಣ. ನನ್ನ ಮಡಿಸುವ ಗಾಳದ ಕೋಲು ಒಂದು ಇಲ್ಲೇ ಇದೆ, ಅದನ್ನೂ ತೆಗೆದುಕೊಂಡು ಹೋಗು.