ದೋಣಿ ಇಂಜಿನ್ ಮಧ್ಯಾಹ್ನ ಮಾತ್ರ ಪೆಟ್ರೋಲ್ ಕಾರ್ತದೆ, ಕಾರ್ಬೊರೇಟರ್ ಬದಲಿಸ್ಬೇಕಾ?

ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್, ಊಟ ಮಾಡಿ ಬಂದ್ರೆ ಕಾರ್ಬೊರೇಟರಿಂದ ಪೆಟ್ರೋಲ್ ಸೋರ್ತದೆ, ಪ್ಲಗ್ ಒದ್ದೆ, ನೀಡಲ್ (ಕಾರ್ಬೊರೇಟರಿಗೆ ಪೆಟ್ರೋಲ್ ಬರುವ ತೂತು ಮುಚ್ಚುವ ಮುಳ್ಳು) ಎರಡು ಸಲ ಬದಲಿಸಿ ಆಯ್ತು, ಇನ್ನು ಒರಿಜಿನಲ್ ಕಾರ್ಬೊರೇಟರ್ ತಗೊಳ್ಳೋದಾ ಡೂಪ್ಲಿಕೇಟಾ ಅಂತ ಕೇಳಿದ್ದೀರಿ. ಎರಡೂ ಬೇಡ ಮಾರಾಯ್ರೆ. ಇದೇ ಪ್ರಶ್ನೆ ಇಟ್ಕೊಂಡು ನಾನು ಒಂದು ಇಡೀ ಬೇಸಿಗೆ ಹಾಳು ಮಾಡಿದವ.

ನಮ್ಮದು ಕುಂಬಳೆ ಹತ್ರ, ಶಿರಿಯ ಹೊಳೆ ಬದಿ. ಆಚೆ ದಡದಲ್ಲಿ ಅಜ್ಜನ ಪಾಲಿನ ತೆಂಗಿನ ತೋಟ ಉಂಟು, ಕಾಯಿ ತರ್ಲಿಕ್ಕೆ ಒಂದು ಸಣ್ಣ ಫೈಬರ್ ದೋಣಿ, ಅದಕ್ಕೆ 8 ಎಚ್‌ಪಿಯ ಹಳೇ ಟೂ ಸ್ಟ್ರೋಕ್ ಇಂಜಿನ್. ಬೆಳಿಗ್ಗೆ ಆಚೆ ಹೋಗುವಾಗ ಏನೂ ತೊಂದ್ರೆ ಇಲ್ಲ. ಕಾಯಿ ಕೀಳಿಸಿ ಮಧ್ಯಾಹ್ನ ಎರಡು ಗಂಟೆಗೆ ದೋಣಿ ಹತ್ರ ಬಂದ್ರೆ ಇಂಜಿನ್ ಕೆಳಗೆ ನೀರಿನ ಮೇಲೆ ನವಿಲುಗರಿ ಬಣ್ಣದ ಪದರ, ಕವರ್ ತೆಗೆದ್ರೆ ಘಂ ಅಂತ ಪೆಟ್ರೋಲ್ ವಾಸನೆ, ಹಗ್ಗ ಎಳೆದು ಎಳೆದು ಭುಜ ಬಿದ್ದುಹೋಗ್ತದೆ ವಿನಾ ಸ್ಟಾರ್ಟ್ ಇಲ್ಲ. ಒಂದು ದಿನ ಹೇಗೋ ಸ್ಟಾರ್ಟ್ ಆಗಿ ನಡು ಹೊಳೆಯಲ್ಲಿ ನಿಂತಿತು, ಇಳಿತದ ಹೊತ್ತು ಬೇರೆ, ದೋಣಿ ಸೀದಾ ಅಳಿವೆ ಕಡೆಗೆ. ಹುಟ್ಟು ಹಾಕಿ ದಡ ಸೇರುವಾಗ ಅಂಗೈ ಸುಲಿದಿತ್ತು.

ಆಮೇಲೆ ನಾನು ಮಾಡಿದ ಕೆಲಸ ಸ್ವಲ್ಪ ಉದ್ದಕ್ಕೆ ಹೇಳ್ತೇನೆ, ಯಾಕಂದ್ರೆ ನೀವು ಇವತ್ತು ಸಂಜೆ ಅದನ್ನೇ ಮಾಡ್ಲಿಕ್ಕೆ ಕೂತಿರ್ತೀರಿ. ಕಾರ್ಬೊರೇಟರ್ ಬಿಚ್ಚಿದೆ. ನೀಡಲ್ ಕೂರುವ ಹಿತ್ತಾಳೆ ಸೀಟಿನ ತೂತಿನಲ್ಲಿ ಕಸ ಇರ್ಬಹುದು ಅಂತ ಬೈಕಿನ ಕ್ಲಚ್ ಕೇಬಲಿನ ಒಂದು ಎಳೆ ತೆಗೆದು ಒಳಗೆ ತುರುಕಿ ತಿರುಗಿಸಿದೆ. ಕ್ಲೀನ್ ಆಯ್ತು ಅಂತ ಖುಷಿ ಬೇರೆ. ಕೇಬಲ್ ಉಕ್ಕು, ಸೀಟು ಹಿತ್ತಾಳೆ, ಯಾವುದು ಸವೀತದೆ ನೀವೇ ಹೇಳಿ. ನೀಡಲಿನ ರಬ್ಬರ್ ಮೂತಿ ಆ ತೂತಿನ ಅಂಚಿಗೆ ಒಂದು ಸಪೂರ ಬಳೆಯ ಹಾಗೆ ಮಾತ್ರ ತಾಗುವುದು. ಆ ಬಳೆಗೆ ಅಡ್ಡವಾಗಿ ಕೂದಲಿನಷ್ಟು ಗೀರು ಬಿದ್ರೂ ಅದು ಪೆಟ್ರೋಲಿಗೆ ಒಂದು ತೋಡು. ಬಟ್ಟಲಿನ ಪೆಟ್ರೋಲಲ್ಲಿ ತೇಲಿ ನೀಡಲನ್ನು ಒತ್ತುವ ಫ್ಲೋಟ್ ಎಷ್ಟು ಒತ್ತಿದ್ರೂ ತೋಡು ಮುಚ್ಚುದಿಲ್ಲ. ಹೊಸ ನೀಡಲ್ ಹಾಕಿದೆ, ಸೋರಿತು. ಇನ್ನೊಂದು ಹಾಕಿದೆ, ಸೋರಿತು. ಫ್ಲೋಟಿನ ನಾಲಿಗೆ ಬಗ್ಗಿಸಿದೆ, ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ಇಳಿದು ಜೋರು ಬಿಟ್ಟಾಗ ಇಂಜಿನ್ ಕೆಮ್ಮಲಿಕ್ಕೆ ಶುರು, ಸೋರುದು ಮಾತ್ರ ಹಾಗೇ. ಇಂಜಿನ್ ಎಣ್ಣೆ ಪೆಟ್ರೋಲಲ್ಲೇ ಬರುವ ಜಾತಿ ಇದು, ಪೆಟ್ರೋಲ್ ಕಮ್ಮಿ ಆದ್ರೆ ಪಿಸ್ಟನ್ನೇ ಹಿಡೀಬಹುದಿತ್ತು. ಎಲ್ಲ ಆದ್ಮೇಲೆ ಮೊಗ್ರಾಲಿನ ಮೆಕ್ಯಾನಿಕ್ ಇಚ್ಚನಲ್ಲಿ ತಗೊಂಡು ಹೋದೆ. ಅವರು ಟಾರ್ಚ್ ಹಾಕಿ ಸೀಟು ನೋಡಿ ಕೇಳಿದ್ದು ಒಂದೇ ಮಾತು, "ಕಂಬಿ ಹಾಕಿದ್ದಾ?" ನನ್ನ ಇಂಜಿನಿನಲ್ಲಿ ಸೀಟು ಕಾರ್ಬೊರೇಟರಿನ ಮೈಗೇ ಒತ್ತಿ ಕೂರಿಸಿದ್ದು, ಬಿಚ್ಚಿ ಬದಲಿಸ್ಲಿಕ್ಕೆ ಬರುದಿಲ್ಲ, ಕೆಲವು ಇಂಜಿನಿನಲ್ಲಿ ಬರ್ತದಂತೆ. ಹಾಗಾಗಿ ಇಡೀ ಕಾರ್ಬೊರೇಟರ್. ಕೊಚ್ಚಿಯಿಂದ ಬರ್ಲಿಕ್ಕೆ ಮೂರು ವಾರ, ಅಷ್ಟರಲ್ಲಿ ಆಚೆ ತೋಟದ ಕಾಯಿ ಅರ್ಧ ಬಿದ್ದೇ ಹೋಯ್ತು.

ಇನ್ನು ತಮಾಷೆ ಕೇಳಿ. ಹೊಸ ಒರಿಜಿನಲ್ ಕಾರ್ಬೊರೇಟರ್ ಹಾಕಿದ ಮರುದಿನ ಮಧ್ಯಾಹ್ನ ಎರಡು ಗಂಟೆಗೆ, ಅದೇ ನವಿಲುಗರಿ ಬಣ್ಣ!

ಈ ಸಲ ಇಚ್ಚನೇ ದೋಣಿ ಹತ್ರ ಬಂದ್ರು. ಇಂಜಿನಿಗೆ ಕೈ ಹಾಕ್ಲೇ ಇಲ್ಲ. ಬಿಸಿಲಲ್ಲಿ ಕೂತಿದ್ದ ಕೆಂಪು ಪ್ಲಾಸ್ಟಿಕ್ ಟ್ಯಾಂಕ್ ನೋಡಿದ್ರು, ಬಲಿತ ಹಲಸಿನಕಾಯಿ ಹಾಗೆ ಊದಿತ್ತು. ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಸ್ವಲ್ಪ ತಿರುಗಿಸಿದ್ರು, ಫುಸ್ಸ್ ಅಂತ ಎಷ್ಟು ಹೊತ್ತು ಗೊತ್ತುಂಟಾ. ದಡಕ್ಕೆ ಬಂದ ಕೂಡ್ಲೆ ಆವಿ ಹೋಗ್ಬಾರ್ದು ಅಂತ ಆ ಸ್ಕ್ರೂ ಬಿಗಿ ಮಾಡುವ ಬುದ್ಧಿವಂತಿಕೆ ನಂದೇ, ಆದ್ರೆ ಪೈಪ್ ಮಾತ್ರ ಇಂಜಿನಿಗೆ ಸಿಕ್ಕಿಸಿಯೇ ಬಿಡ್ತಿದ್ದೆ. 12 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದ್ರೆ ಕಾಲು ಲೀಟರಿನ ಹತ್ರ ಹಿಗ್ತದೆ, ಆವಿಯ ಒತ್ತಡ ಬೇರೆ. ಎಲ್ಲಿ ಹೋಗ್ಬೇಕು ಅದು? ಪೈಪಲ್ಲಿ ಬಂದು ನೀಡಲನ್ನು ದೂಡಿ ಬಟ್ಟಲು ತುಂಬಿಸಿ ಹೊರಗೆ. ಫ್ಲೋಟ್ ಪಾಪ ಎಷ್ಟು ಅಂತ ತಡೀತದೆ. ಹಳೇ ಕಾರ್ಬೊರೇಟರಲ್ಲಿ ಮೊದಲು ದೋಷವೇ ಇರ್ಲಿಲ್ಲ, ಇದ್ದ ದೋಷ ಎಲ್ಲ ನಾನು ಕಂಬಿ ಹಾಕಿ ಮಾಡಿದ್ದು.

ನಿಮ್ಮದೂ ಮಧ್ಯಾಹ್ನವೇ ಆಗುದಾದ್ರೆ ಮೊದ್ಲು ಇದನ್ನು ನೋಡಿ. ಇಂಜಿನ್ ನಿಲ್ಲಿಸಿದ ಕೂಡ್ಲೆ ಇಂಜಿನ್ ತುದಿಯಿಂದ ಪೈಪ್ ಕಳಚಿ, ಟ್ಯಾಂಕ್ ನೆರಳಿಗೆ. ವಾಪಸ್ ಬಂದಾಗ ಮೊದ್ಲು ಗಾಳಿ ಸ್ಕ್ರೂ, ಆಮೇಲೆ ಪೈಪ್, ಓಡುವಾಗ ಸ್ಕ್ರೂ ತೆರೆದೇ ಇರ್ಲಿ. ಪೆಟ್ರೋಲ್ ದೂಡ್ಲಿಕ್ಕೆ ಪೈಪಿನ ನಡುವೆ ಇರುವ ರಬ್ಬರ್ ಉಂಡೆ ಗಟ್ಟಿ ಆದ್ಮೇಲೂ ಹಿಚುಕ್ತಾ ಕೂರ್ಬೇಡಿ, ಅದೂ ಇದೇ ಕೆಲಸ ಮಾಡ್ತದೆ.

ಬೆಳಿಗ್ಗೆ ತಂಪಲ್ಲೂ ಸೋರಿದ್ರೆ ಮಾತ್ರ ಕಾರ್ಬೊರೇಟರ್ ಬಿಚ್ಚಿ. ಬಟ್ಟಲು ತೆಗೆದು, ಪೆಟ್ರೋಲ್ ಬರುವ ಮೂತಿಗೆ ಒಂದು ತುಂಡು ಪೈಪ್ ಹಾಕಿ ಮೆಲ್ಲ ಊದಿ. ನೆಟ್ಟಗೆ ಹಿಡಿದಾಗ ಫ್ಲೋಟ್ ಜೋತುಬಿದ್ದು ಗಾಳಿ ಹೋಗ್ಬೇಕು, ತಲೆಕೆಳಗೆ ಮಾಡಿದ್ರೆ ಅದರ ಭಾರಕ್ಕೇ ನೀಡಲ್ ಕೂತು ಗಾಳಿ ನಿಲ್ಬೇಕು. ನಿಲ್ಲದಿದ್ರೆ ಸೀಟನ್ನು ಬಟ್ಟೆಯಲ್ಲೋ ಹತ್ತಿ ಕಡ್ಡಿಯಲ್ಲೋ ಒರೆಸಿ ಪುನಃ ಊದಿ. ಫ್ಲೋಟನ್ನು ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಗುಳುಗುಳು ಅಂದ್ರೆ ಅದು ಮುಳುಗುವ ಫ್ಲೋಟ್, ಬಿಸಾಡಿ. ಪೈಪಿನ ಒಳಗಿನ ರಬ್ಬರ್ ಕರಿ ಹುಡಿ ಬಿಡ್ತಿದ್ರೆ ಪೈಪೇ ಬದಲಿಸಿ, ಆ ಹುಡಿಯೇ ನೀಡಲ್ ಕೆಳಗೆ ಹೋಗಿ ಕೂರುದು.

ಈಗ ಪೆಟ್ರೋಲ್ ಕುಡಿದು ಕೂತಿರುವ ಇಂಜಿನಿಗೆ: ಪೈಪ್ ಕಳಚಿ, ಕೈಗೆ ಕಟ್ಟುವ ಕೆಂಪು ಬಳ್ಳಿ (ಕಿತ್ರೆ ಇಂಜಿನ್ ಬಂದ್ ಆಗುವಂಥದ್ದು) ಎಳೆದಿಟ್ಟು, ಪ್ಲಗ್ ತೆಗೆದು, ಚೋಕ್ ಇಲ್ದೆ ಪೂರ್ತಿ ಥ್ರಾಟಲ್ ಕೊಟ್ಟು ಹತ್ತು ಸಲ ಹಗ್ಗ ಎಳೀರಿ. ಪ್ಲಗ್ಗಿನ ವಯರನ್ನು ತೂತಿಂದ ದೂರ ಹಿಡೀರಿ, ಬೀಡಿ ಸೇದುವವರನ್ನು ದಡಕ್ಕೆ ಕಳಿಸಿ. ದೋಣಿಯ ಒಳಗೆ ನಿಂತ ವಾಸನೆ ಹೋದ್ಮೇಲೆ ಸ್ಟಾರ್ಟ್.

ಡೂಪ್ಲಿಕೇಟ್ ಕಾರ್ಬೊರೇಟರ್ ಅಂತೂ ಪುಕ್ಕಟೆ ಕೊಟ್ರೂ ನಾನು ಹಾಕೂದಿಲ್ಲ. ನಾಳೆ ಮಧ್ಯಾಹ್ನ ಟ್ಯಾಂಕಿನ ಸ್ಕ್ರೂ ತಿರುಗಿಸಿದಾಗ ಫುಸ್ ಅಂತದಾ ಇಲ್ವಾ ಅಂತ ಇಲ್ಲೇ ಬರೀರಿ, ಮುಂದಿನದ್ದು ಆಮೇಲೆ ನೋಡುವ.