ಹುರಿ ಹೊಸೆಯುವಾಗ ತಂತಿ ತುಂಡಾಗುವುದೇಕೆ?

ಪ್ರಶ್ನೆ: ಬಳೆ ಮತ್ತು ಕಿವಿಯೋಲೆಗಳಿಗಾಗಿ ಎರಡು ತಾಮ್ರದ ತಂತಿಗಳನ್ನು ಸೇರಿಸಿ ಇಕ್ಕಳದಿಂದ ತಿರುಚುತ್ತೇನೆ. ಹುರಿ ಒಂದು ಕಡೆ ಬಿಗಿಯಾಗಿಯೂ ಇನ್ನೊಂದು ಕಡೆ ಸಡಿಲವಾಗಿಯೂ ಬರುತ್ತದೆ. ಸರಿಪಡಿಸಲು ಇನ್ನಷ್ಟು ತಿರುಚಿದರೆ ತಂತಿಯೇ ತುಂಡಾಗುತ್ತದೆ. ಏನು ಮಾಡಲಿ?

ಉತ್ತರ: ಇಕ್ಕಳದಿಂದ ತುಸು ತುಸುವಾಗಿ ತಿರುಚಿದಾಗ ಪ್ರತಿ ಹಿಡಿತದಲ್ಲೂ ಎಳೆತ ಬೇರೆಯಾಗುತ್ತದೆ, ಹುರಿ ಏರುಪೇರಾಗುವುದು ಅದರಿಂದಲೇ. ಸುಮಾರು 0.8 ಮಿಲಿಮೀಟರ್ ದಪ್ಪದ, ಅಂದರೆ 20 ಗೇಜಿನ ಒಂದೇ ತಂತಿಯನ್ನು ನಡುವೆ ಮಡಚಿ, ಬಿಡಿ ತುದಿಗಳೆರಡನ್ನೂ ವೈಸ್‌ನಲ್ಲಿ, ಅಂದರೆ ಮೇಜಿಗೆ ಬಿಗಿದ ತಿರುಪಿನ ಹಿಡಿಕೆಯಲ್ಲಿ, ಬಿಗಿಯಿರಿ. ಮಡಿಕೆಯನ್ನು ಕೈಡ್ರಿಲ್ಲಿಗೆ ಸಿಕ್ಕಿಸಿದ ಕೊಕ್ಕೆಗೆ ತೊಡಿಸಿ, ತಂತಿ ಎಲ್ಲೂ ಜೋಲದಂತೆ ಎಳೆದು ಹಿಡಿದು ನಿಧಾನವಾಗಿ ತಿರುಗಿಸಿ. ಹುರಿ ಬಿಗಿಯಾದಂತೆ ಅದರ ಉದ್ದ ಕುಗ್ಗುತ್ತದೆ, ಡ್ರಿಲ್ಲು ನಿಮ್ಮ ಕೈಯನ್ನು ವೈಸ್‌ನ ಕಡೆಗೆ ಎಳೆಯುತ್ತದೆ. ಆ ಎಳೆತಕ್ಕೆ ಬೇಕಾದಷ್ಟೇ ಮುಂದೆ ಹೋಗಬೇಕು, ಸಡಿಲ ಮಾತ್ರ ಬಿಡಬಾರದು. ಆದ್ದರಿಂದ ತಂತಿಯನ್ನು ಕತ್ತರಿಸುವಾಗಲೇ ಕಾಲುಭಾಗದಷ್ಟು ಹೆಚ್ಚಾಗಿ ಇಟ್ಟುಕೊಳ್ಳಿ. ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿ, ಏಕೆಂದರೆ ತುಂಡಾದ ತಂತಿ ಚಾಟಿಯಂತೆ ಬೀಸುತ್ತದೆ.

ತುಂಡಾಗುವುದಕ್ಕೆ ಕಾರಣವೇ ಬೇರೆ. ತಾಮ್ರವನ್ನಾಗಲಿ ಬೆಳ್ಳಿಯನ್ನಾಗಲಿ ಬಗ್ಗಿಸಿದಷ್ಟೂ, ತಿರುಚಿದಷ್ಟೂ ಅದು ಗಡುಸಾಗುತ್ತದೆ, ಕೊನೆಗೆ ಬಿರುಸಾಗಿ ಮುರಿಯುತ್ತದೆ. ಹೆಚ್ಚಾಗಿ ಮುರಿಯುವುದು ವೈಸ್‌ನ ಬಾಯಿಯ ಬಳಿ ಅಥವಾ ಇಕ್ಕಳದ ಹಲ್ಲು ಗೀರಿದ ಕಡೆ; ಗಾಯವಾದ ಜಾಗವೇ ಮೊದಲು ಸೋಲುತ್ತದೆ. ಹಲ್ಲಿಲ್ಲದ ನುಣುಪು ಬಾಯಿಯ ಇಕ್ಕಳ ಬಳಸಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಸಡಿಲವಾದ ಕಡೆಯನ್ನು ಸರಿಪಡಿಸಲು ಹಿಂದಕ್ಕೆ ಬಿಚ್ಚಿ ಮತ್ತೆ ಹೊಸೆಯುವುದೂ ಬೇಡ, ಗಡುಸಾದ ಲೋಹಕ್ಕೆ ಅದು ಇನ್ನಷ್ಟು ಪೆಟ್ಟು.

ಗಡುಸಾದ ತಂತಿಯನ್ನು ಮತ್ತೆ ಮೆದುವಾಗಿಸಲು ಕಾಯಿಸಬೇಕು. ಬಿಡಿ ತುದಿಗಳು ಹೊರಚಾಚಿದ್ದರೆ ಅವು ಮೊದಲೇ ಕರಗಿಬಿಡುತ್ತವೆ, ಹಾಗಾಗಿ ಹುರಿಯನ್ನು ಸುರುಳಿಯಾಗಿ ಸುತ್ತಿ ತುದಿಗಳನ್ನು ಒಳಗೆ ಸೇರಿಸಿ. ಬೆಳಕು ಕಡಿಮೆಯಿರುವ ಜಾಗದಲ್ಲಿ ಉರಿಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಾ ಮಂದ ಕೆಂಪು ಬಣ್ಣ ಕಾಣುವವರೆಗೆ ಕಾಯಿಸಿ. ಬಳಿಕ ತಾಮ್ರವನ್ನು ನೇರವಾಗಿ ನೀರಿಗೆ ಹಾಕಬಹುದು; ಉಕ್ಕಿನಂತೆ ಅದು ಗಡುಸಾಗುವುದಿಲ್ಲ. ಮೇಲೆ ಕೂತ ಕಪ್ಪನ್ನು ನಿಂಬೆರಸ, ಉಪ್ಪು ಹಾಕಿ ಉಜ್ಜಿ ತೆಗೆಯಿರಿ. ಬಣ್ಣದ ಲೇಪವಿರುವ ತಂತಿಗೆ ಈ ಉಪಾಯ ಸಲ್ಲದು, ಲೇಪ ಸುಟ್ಟುಹೋಗುತ್ತದೆ.

ಇಷ್ಟು ಹದ ಕೈಗೆ ಬಂದ ಮೇಲೆ, ಒಂದು ಹುರಿಯನ್ನು ಬಲಕ್ಕೂ ಇನ್ನೊಂದನ್ನು ಎಡಕ್ಕೂ ಹೊಸೆದು ಪಕ್ಕಪಕ್ಕ ಇಟ್ಟು ನೋಡಿ. ಎರಡರ ಓರೆಗೆರೆಗಳು ಕೂಡಿಕೊಂಡು ಜಡೆ ಹೆಣೆದಂತೆ ಕಾಣುತ್ತವೆ. ಬಳೆಗೆ ಇದಕ್ಕಿಂತ ಚೆಂದದ ಅಂಚು ನನಗೆ ತಿಳಿಯದು.

ಪ್ರಶ್ನೆ: ಮಣಿ ಪೋಣಿಸಿದ ತಂತಿಯ ತುದಿಯ ಕುಣಿಕೆ ಬಿಚ್ಚಿಕೊಳ್ಳುತ್ತದೆ. ಪರಿಹಾರವಿದೆಯೇ?

ಉತ್ತರ: ಇದೆ. ಮಣಿಯ ಮೇಲೆ ಎರಡು ಮೂರು ಮಿಲಿಮೀಟರ್ ತಂತಿ ಬಿಟ್ಟು ಲಂಬಕೋನಕ್ಕೆ ಬಗ್ಗಿಸಿ, ದುಂಡುಮೂತಿಯ ಇಕ್ಕಳದಿಂದ ಕುಣಿಕೆ ಮಾಡಿ, ಉಳಿದ ತುದಿಯನ್ನು ಮಣಿಯ ಮೇಲೆ ಬಿಟ್ಟ ಆ ತಂತಿಯ ಭಾಗಕ್ಕೆ ಎರಡು ಮೂರು ಸುತ್ತು ಒತ್ತಾಗಿ ಸುತ್ತಿ ಕತ್ತರಿಸಿ. ಸರಪಳಿಗೆ ಜೋಡಿಸುವುದಿದ್ದರೆ ಸುತ್ತುವ ಮೊದಲೇ ಕುಣಿಕೆಯೊಳಗೆ ಸರಪಳಿಯನ್ನು ಹಾಕಿಕೊಳ್ಳಬೇಕು. ಕತ್ತರಿಸಿದ ಮೊನೆಯನ್ನು ಇಕ್ಕಳದಿಂದ ಒಳಕ್ಕೆ ಒತ್ತಿ, ಬೆರಳಿನಿಂದ ಸವರಿ ನೋಡಿ. ಎಲ್ಲಿಯಾದರೂ ಚುಚ್ಚಿದರೆ ಸಣ್ಣ ಅರದಿಂದ ಉಜ್ಜಿ.